ಕೋರ್ಟಿನಲ್ಲಿ ಆಣೆ ಹಾಕಿಸುವ ಕೆಲಸ

ಕೋರ್ಟಿಗೆ ಹೊಸದಾಗಿ ಅಟೆಂಡರ್ ಆಗಿ ಸೇರುವವರು ನನ್ನನ್ನು ಕೇಳುವುದು ಒಂದೇ ಮಾತು: ‘ಕೆಲಸ ಕಷ್ಟ ಐತೇನಬೇ?’ ಕಡತ ಹೊರುವುದು ಕಷ್ಟವಲ್ಲ, ಅದನ್ನು ಕತ್ತೆಯೂ ಹೊರುತ್ತದೆ. ಟೀ ತರುವುದು, ಕುರ್ಚಿ ಒರೆಸುವುದು, ಜಡ್ಜ್ ಬಂದಾಗ ಎದ್ದು ನಿಲ್ಲುವುದು ಇವೂ ಕಷ್ಟವಲ್ಲ. ಅಸಲು ಕೆಲಸ ಎರಡು. ಬಾಗಿಲಲ್ಲಿ ನಿಂತು ಹೆಸರು ಕೂಗುವುದು ಒಂದು. ಕಟಕಟೆಗೆ ಹತ್ತಿದ ಸಾಕ್ಷಿಯಿಂದ ಆಣೆ ಹಾಕಿಸುವುದು ಇನ್ನೊಂದು. ಮೊದಲನೆಯದನ್ನು ನಾನು ಚೆನ್ನಾಗಿ ಮಾಡಿದೆ. ಎರಡನೆಯದರಲ್ಲಿ ಜಾಣತನ ಮಾಡಲು ಹೋಗಿ, ನಿಜ ಹೇಳಲು ಬಂದವಳ ಬಾಯನ್ನೇ ಕಟ್ಟಿಬಿಟ್ಟಿದ್ದೆ. ನಿಮಗೆ ಉಪಯೋಗಕ್ಕೆ ಬರುವುದು ಅದೇ, ಅದಕ್ಕೆ ಅದನ್ನೇ ಬರೆಯುತ್ತೇನೆ.

ನನ್ನ ಗಂಡ ಹರಪನಹಳ್ಳಿ ಕೋರ್ಟಿನಲ್ಲಿ ಅಮೀನ. ಸೈಕಲ್ ಮೇಲೆ ಹಳ್ಳಿ ಹಳ್ಳಿಗೆ ಹೋಗಿ ಸಮನ್ಸು ಕೊಡುವ ಕೆಲಸ. ಜ್ವರ ಬಂದು ಸತ್ತ. ಅನುಕಂಪದ ಮೇಲೆ ನನಗೆ ಅಟೆಂಡರ್ ಕೆಲಸ ಕೊಟ್ಟರು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಅರ್ಧ ಮರೆತಿತ್ತು. ಸಹಿ ಮಾಡುತ್ತಿದ್ದೆ. ದಪ್ಪ ಅಕ್ಷರವಾದರೆ ಒಂದೊಂದೇ ಕೂಡಿಸಿ ಓದುತ್ತಿದ್ದೆ. ಆದರೆ ಗಂಟಲು ಇತ್ತು. ಹೊಲದ ಈ ಬದುವಿನಲ್ಲಿ ನಿಂತು ಆ ಬದುವಿನವರನ್ನು ಊಟಕ್ಕೆ ಕರೆದ ಗಂಟಲು. ಅದನ್ನು ನೋಡಿಯೇ ಶಿರಸ್ತೇದಾರ್ ಪಂಪಣ್ಣನವರು ನನ್ನನ್ನು ಕೂಗುವ ಕೆಲಸಕ್ಕೆ ನಿಲ್ಲಿಸಿದರು. ಅವರು ಆಫೀಸಿನ ಹಿರಿಯ ಗುಮಾಸ್ತರು, ಬಾಯಿ ತುಂಬ ಎಲೆ ಅಡಿಕೆ.

‘ನೋಡು ಹೊನ್ನೂರಮ್ಮ, ಮೂರು ಸಲ ಕೂಗಬೇಕು. ಹೆಸ್ರು, ತಂದಿ ಹೆಸ್ರು, ಊರು. ಮೂರು ಸಲಕ್ಕ ಬರ್ಲಿಲ್ಲ ಅಂದ್ರ ಗೈರುಹಾಜರಿ ಅಂತ ಬರೀತಾರ. ಕೂಗದ ಇದ್ರ ಯಾರೂ ಒಳಗ ಬರಂಗಿಲ್ಲ. ಅವ ರಾಜ ಆಗ್ಲಿ, ಕಳ್ಳ ಆಗ್ಲಿ.’

ಇಷ್ಟೇ ನನ್ನ ತರಬೇತಿ.

ಸೇರಿದ ಎರಡನೇ ದಿನವೇ ಒಬ್ಬ ದೊಡ್ಡ ಗೌಡರ ಕೇಸು. ಅಂಗಳದ ಬೇವಿನ ಮರದ ಕೆಳಗೆ ಜೀಪು ನಿಲ್ಲಿಸಿಕೊಂಡು ಕುಳಿತಿದ್ದರು, ಸುತ್ತ ಐದಾರು ಜನ. ಚೀಟಿಯಲ್ಲಿ ಗೌಡ ಅಂತ ಇರಲಿಲ್ಲ. ಇದ್ದದ್ದನ್ನೇ ಕೂಗಿದೆ: ‘ಕಲ್ಲಪ್ಪಾ! ತಂದೆ ನಾಗಪ್ಪಾ!’ ಅಂಗಳದವರೆಲ್ಲ ನನ್ನ ಕಡೆ ತಿರುಗಿದರು. ಗೌಡರು ಮೆಟ್ಟಿಲು ಹತ್ತಿ ಬಂದು ನನ್ನ ಮುಖಕ್ಕೆ ಮುಖ ಕೊಟ್ಟು ನಿಂತರು.

‘ನನ್ನ ಬರೇ ಹೆಸ್ರು ಹಿಡಿದು ಕರಿಯೋ ಹೆಂಗಸು ಈ ಸೀಮ್ಯಾಗ ಇನ್ನೂ ಹುಟ್ಟಿಲ್ಲ.’

‘ಹುಟ್ಟೀನಿ ನೋಡ್ರಿ. ಒಳಗ ನಡೀರಿ, ಕೇಸು ಹೋಗಿಬಿಡ್ತೈತಿ’ ಎಂದೆ.

ಆ ದಿನ ನನಗೆ ಆದ ಖುಷಿ ಹೇಳತೀರದು! ಈ ಬಾಗಿಲಲ್ಲಿ ನಿಂತರೆ ಎಲ್ಲರೂ ಬರೇ ಹೆಸರು. ಗೌಡನೂ ಹೆಸರು, ಅವನ ಮನೆಯ ದನ ಕಾಯುವವನೂ ಹೆಸರು. ಸರ್ಕಾರ ಅಂದರೆ ಏನು ಎಂದು ನನಗೆ ಮೊದಲು ತಿಳಿದದ್ದು ಹಾಗೆ.

ಇನ್ನು ಆಣೆಯ ವಿಷಯ. ಕಟಕಟೆಯ ಪಕ್ಕದ ಗೋಡೆಗೆ ಒಂದು ಹಲಗೆ ತೂಗುಹಾಕಿದ್ದರು. ಅದರ ಮೇಲೆ ಎರಡು ಪ್ರಮಾಣ ಬರೆದಿತ್ತು. ಮೇಲಿನದು ದೇವರ ಮೇಲೆ ಹಾಕುವ ಪ್ರಮಾಣ. ಕೆಳಗಿನದರಲ್ಲಿ ದೇವರು ಇಲ್ಲ, ‘ಸತ್ಯನಿಷ್ಠೆಯಿಂದ’ ಅಂತ ಇತ್ತು. ಪಂಪಣ್ಣನವರು ನನಗೆ ಮೇಲಿನದನ್ನು ಬಾಯಿಪಾಠ ಮಾಡಿಸಿದರು. ಕೆಳಗಿನದು ಯಾತಕ್ಕೆ ಎಂದು ಕೇಳಿದೆ. ‘ದೇವರು ಇಲ್ಲ ಅನ್ನೋರಿಗೆ. ನಮ್ಮ ಕಡೆ ಅಂಥೋರು ಯಾರದಾರ? ಬಿಡು’ ಎಂದರು. ಬಿಟ್ಟೆ. ಬರೀ ಸೊಕ್ಕಿನವರಿಗೆ ಬರೆದಿದ್ದಾರೆ ಅಂದುಕೊಂಡಿದ್ದೆ.

ಅದನ್ನು ಕೇಳಿಕೊಂಡು ಬಂದವನು ಕೊನೆಗೂ ಒಬ್ಬ ಸಿಕ್ಕ. ಹಂಪಸಾಗರದ ಕಡೆಯ ಕುರಿ ವ್ಯಾಪಾರಿ, ಹಣೆ ತುಂಬ ವಿಭೂತಿ. ಯಾವುದೋ ಹೊಡೆದಾಟ ನೋಡಿದ ಸಾಕ್ಷಿ. ನಾನು ‘ದೇವರ ಮೇಲೆ’ ಎಂದು ಶುರು ಮಾಡಿದ ಕೂಡಲೇ ಕೈ ಅಡ್ಡ ಹಿಡಿದ. ‘ಅದು ಬ್ಯಾಡಬೇ, ಕೆಳಗಿಂದು ಹಾಕ್ಸು.’ ವಿಭೂತಿ ಬಡಿದುಕೊಂಡವನು ದೇವರಿಲ್ಲದ ಆಣೆ ಕೇಳುತ್ತಾನಲ್ಲ ಎಂದು ವಕೀಲರೆಲ್ಲ ಮುಖ ಮುಖ ನೋಡಿಕೊಂಡರು. ಪಂಪಣ್ಣನವರೇ ಎದ್ದು ಓದಿ ಹಾಕಿಸಿದರು. ಅವನು ‘ಹೊಡೆದಾಟ ಆಗೇ ಇಲ್ರಿ, ನಾ ಏನೂ ನೋಡಿಲ್ರಿ’ ಎಂದು ಹೇಳಿ ಇಳಿದು ಹೋದ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ತಿನ್ನುತ್ತ ನಿಂತಿದ್ದ. ಹೋಗಿ ಕೇಳಿದೆ, ‘ಏನಪ್ಪಾ, ನಿನಗ ದೇವ್ರು ಇಲ್ಲೇನು?’

‘ಛೇ ಛೇ! ಏನಂತಿಬೇ! ದೇವ್ರಿದ್ದಾನ ಅಂತಾನ ಕೆಳಗಿಂದು ಕೇಳಿದ್ದು. ದೇವ್ರ ಮ್ಯಾಲ ಆಣಿ ಹಾಕಿ ಸುಳ್ಳು ಹೇಳಾಕ ಆಕ್ಕೈತೇನು? ಮನ್ಯಾಗ ಮಕ್ಕಳು ಮರಿ ಅದಾವ.’

ನನ್ನ ಮೈಯೆಲ್ಲ ಉರಿಯಿತು. ಈ ಕೆಳಗಿನ ಪ್ರಮಾಣ ಸುಳ್ಳರು ನುಸುಳಲೆಂದೇ ಬಿಟ್ಟ ಬೇಲಿಯ ಸಂದು ಎಂದು ಗಟ್ಟಿ ಮಾಡಿಕೊಂಡೆ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಮೇಲಿನದನ್ನು ಹಾಕಿಯೂ ಸುಳ್ಳು ಹೇಳುವವರನ್ನು ದಿನಾ ನೋಡುತ್ತಿದ್ದೆನಲ್ಲ, ಅವರ ಬಗ್ಗೆಯೂ ತಲೆ ಓಡಿಸಿದೆ. ಬರೇ ‘ದೇವರು’ ಅಂದರೆ ಇವರು ಯಾರಿಗೂ ಭಯವಿಲ್ಲ. ದೇವರು ಅಂದರೆ ಯಾರು? ಊರಿಲ್ಲ, ಗುಡಿಯಿಲ್ಲ. ಅವನು ಸಿಟ್ಟಾದರೂ ಇವರ ಮನೆಯ ದಾರಿ ಅವನಿಗೆ ಗೊತ್ತಿಲ್ಲ. ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ಸಾಕ್ಷಿ ಕಟಕಟೆ ಹತ್ತಿದ ಕೂಡಲೇ ಮೆಲ್ಲಗೆ ಕೇಳುವುದು: ‘ಮನಿದೇವ್ರು ಯಾರು?’ ಅವನು ಮೈಲಾರಲಿಂಗ ಅಂದರೆ ಮೈಲಾರಲಿಂಗನ ಮೇಲೆ, ಹುಲಿಗೆಮ್ಮ ಅಂದರೆ ಹುಲಿಗೆಮ್ಮನ ಮೇಲೆ.

ಏನು ಹೇಳಲಿ! ಔಷಧಿ ಹೊಡೆದರೆ ಹುಳ ಉದುರುವಂತೆ ನಿಜ ಉದುರಿತು. ಬಾಗಳಿಯ ಒಬ್ಬ, ಪಂಪ್‌ಸೆಟ್ ಮೋಟರು ಕದ್ದ ಕೇಸಿನಲ್ಲಿ ಕಳ್ಳನ ಪರ ಹೇಳಲು ಬಂದವನು. ಮನೆದೇವರು ಕಲ್ಲೇಶ್ವರ ಎಂದ. ‘ಹಂಗಾರ ಕಲ್ಲೇಶ್ವರನಾಣಿ ಅನ್ನು’ ಎಂದೆ. ಬೆವರಿದ. ‘ದೇವ್ರು ಬರೇ ದೇವ್ರು ಇರ್ಲಿ ತಾಯಿ, ಕಲ್ಲೇಶ್ವರ ಯಾಕ’ ಎಂದ. ನಾನು ಬಿಡಲಿಲ್ಲ. ಕೊನೆಗೆ ‘ಮೋಟ್ರು ನಮ್ಮ ಕಣದ ಹೊಟ್ಟಿನ ಬಣವ್ಯಾಗ ಐತ್ರಿ’ ಎಂದು ಜಡ್ಜ್ ಮುಂದೆ ಕೈಮುಗಿದುಬಿಟ್ಟ! ಆಗಿನ ಜಡ್ಜ್ ರಿಟೈರ್ ಆಗಲು ವರ್ಷವಿದ್ದ ಮುದುಕರು. ಅವರಿಗೆ ಕೇಸು ಬೇಗ ಮುಗಿದರೆ ಸಾಕು. ನಾನು ಏನು ಹೇಳಿಸುತ್ತೇನೆಂದು ಕಿವಿಗೊಡಲಿಲ್ಲ. ವಕೀಲರು ಮಾತ್ರ ‘ಹೊನ್ನೂರವ್ವ, ಇದು ಕೋರ್ಟೋ ಗುಡಿಯೋ? ಮಂಗಳಾರತಿ ತಟ್ಟಿ ಹಿಡ್ಕಂಡು ನಿಂದ್ರು’ ಎಂದು ಕಾಡಿಸುತ್ತಿದ್ದರು. ನಾನು ಉಬ್ಬಿಹೋದೆ. ಪೊಲೀಸರ ಲಾಠಿಯಿಂದ ಆಗದ ಕೆಲಸ ನನ್ನ ಬಾಯಿಂದ ಆಗುತ್ತದೆ ಎಂಬ ಜಂಬ ತಲೆಗೆ ಏರಿತ್ತು.

ಹರಪನಹಳ್ಳಿಯನ್ನು ದಾವಣಗೆರೆ ಜಿಲ್ಲೆಗೆ ಸೇರಿಸಿದಾಗ ನಾನು ಬಳ್ಳಾರಿ ಜಿಲ್ಲೆಯಲ್ಲೇ ಇರುತ್ತೇನೆಂದು ಬರೆದುಕೊಟ್ಟು ಕೂಡ್ಲಿಗಿ ಕೋರ್ಟಿಗೆ ಬಂದೆ. ಬರುವಾಗ ನನ್ನ ಉಪಾಯವನ್ನೂ ಹೊತ್ತುಕೊಂಡೇ ಬಂದೆ. ಕೂಡ್ಲಿಗಿ ಕೋರ್ಟಿನ ಗೋಡೆಯ ಮೇಲೂ ಅಂಥದ್ದೇ ಹಲಗೆ, ಅವೇ ಎರಡು ಪ್ರಮಾಣ.

ಅಲ್ಲಿ ಮೊದಲ ಪೆಟ್ಟು ಬಿದ್ದದ್ದು ಕೊಟ್ಟೂರಿನ ಕಾಸಿಂಸಾಬನಿಂದ. ಹಾಸಿಗೆಗೆ ಹತ್ತಿ ತುಂಬುವ ಕೆಲಸದ ಮುದುಕ. ರೂಢಿಯ ಮೇಲೆ ಕೇಳಿಬಿಟ್ಟೆ, ‘ಮನಿದೇವ್ರು ಯಾರು?’

‘ನಮ್ಮದು ಒಬ್ಬನಾ ಅದಾನವ್ವಾ, ಮನಿಗೊಬ್ಬ ಇಲ್ಲ’ ಎಂದ.

ಕೋರ್ಟಿಗೆ ಕೋರ್ಟೇ ನಕ್ಕಿತು. ನಾನೂ ನಕ್ಕೆ. ನಕ್ಕು ಮರೆತೆ. ಮರೆಯಬಾರದಿತ್ತು. ಅವನು ನನ್ನ ಉಪಾಯದಲ್ಲಿದ್ದ ತೂತನ್ನು ಬೆರಳಿಟ್ಟು ತೋರಿಸಿದ್ದ.

ಅಷ್ಟರಲ್ಲಿ ಹೊಸ ಜಡ್ಜ್ ಬಂದರು. ಹೆಣ್ಣುಮಗಳು, ತುಮಕೂರು ಕಡೆಯವರು, ವಯಸ್ಸಿನಲ್ಲಿ ನನ್ನ ಮಗಳಷ್ಟು. ಕಡ್ಡಿ ಮುರಿದ ಹಾಗೆ ಮಾತು. ಅವರು ಬಂದಮೇಲೆ ನಾನು ದನಿ ಇನ್ನೂ ತಗ್ಗಿಸಿದೆ. ಚಿತ್ರದುರ್ಗದ ರಸ್ತೆಯ ಲಾರಿಗಳ ಸದ್ದಿನಲ್ಲಿ ಕಟಕಟೆಯ ಪಿಸುಮಾತು ಅವರಿಗೆ ಕೇಳುತ್ತಿರಲಿಲ್ಲ. ತಿಂಗಳೊಪ್ಪತ್ತು ಹಾಗೇ ನಡೆಯಿತು.

ಆಮೇಲೆ ಗಂಗವ್ವ ಬಂದಳು.

ಅವಳ ಊರಿನ ಹೆಸರು ಬರೆಯುವುದಿಲ್ಲ. ಕೂಲಿ ಮಾಡುವವಳು. ಗಂಡ ಸತ್ತಮೇಲೆ ಎರಡು ಎಕರೆ ಶೇಂಗಾ ಹೊಲ ಅವಳದೇ. ಅದರ ಪಕ್ಕಕ್ಕೆ ಊರಮ್ಮನ ಗುಡಿಗೆ ಬಿಟ್ಟುಕೊಟ್ಟ ಮಾನ್ಯದ ಹೊಲ. ಅದನ್ನು ಉಳುತ್ತಿದ್ದವನು ವೀರಣ್ಣ. ಗುಡಿಯ ಬೀಗದ ಕೈ ಇವನ ಅಣ್ಣನ ಸೊಂಟದಲ್ಲಿ ಇರುತ್ತಿತ್ತು. ವೀರಣ್ಣ ಅವಳ ಬದುವನ್ನೂ ಸೇರಿಸಿ ಉತ್ತ. ಇವಳು ಎತ್ತಿನ ಮುಂದೆ ಹೋಗಿ ನಿಂತಳು. ಅವನು ಬಾರುಕೋಲು ತಿರುವಿ ಹೊಡೆದ. ಎಡಗೈ ಎಲುಬು ಮುರಿಯಿತು. ಆಸ್ಪತ್ರೆಯ ಕಾಗದವಿತ್ತು, ಪೊಲೀಸ್ ಕೇಸಾಗಿತ್ತು. ನೋಡಿದ ಇಬ್ಬರು ಕೂಲಿಯವರು ಮಾತ್ರ ಹಿಂದಿನ ವಾಯಿದೆಯಲ್ಲೇ ‘ಅಕಿ ಬಿದ್ದು ಕೈ ಮುರ್ಕಂಡ್ಳು’ ಎಂದು ಹೇಳಿ ಹೋಗಿದ್ದರು. ಉಳಿದದ್ದು ಗಂಗವ್ವನ ಬಾಯಿ ಒಂದೇ. ಅವಳು ಹೇಳಿದರೆ ಕೇಸು ಉಂಟು, ಹೇಳದಿದ್ದರೆ ಮುಗಿಯಿತು. ಇದು ನಮಗೆಲ್ಲ ಗೊತ್ತಿತ್ತು. ಅವಳ ಮೇಲೆ ನನಗೆ ಕಾಳಜಿ ಇತ್ತು, ಇವಳು ಹೆದರಬಾರದು, ಗಟ್ಟಿಯಾಗಿ ಹೇಳಬೇಕು ಎಂದು. ಅದಕ್ಕೇ ನನ್ನ ಉಪಾಯವನ್ನು ಅವತ್ತು ಇನ್ನೂ ಗಟ್ಟಿಯಾಗಿ ಹಾಕಿದೆ!

‘ಮನಿದೇವ್ರು ಯಾರು ತಂಗಿ?’

‘ನಮ್ಮೂರ ಊರಮ್ಮರಿ.’

‘ಹಂಗಾರ ಊರಮ್ಮನಾಣಿ, ನಿಜಾನ ಹೇಳ್ತೀನಿ ಅನ್ನು.’

ಅವಳು ಕಟಕಟೆಯ ಕಟ್ಟಿಗೆ ಹಿಡಿದುಕೊಂಡಳು. ಬಾಯಿ ತೆರೆಯಿತು, ಮಾತು ಬರಲಿಲ್ಲ. ‘ಅನ್ನು’ ಎಂದೆ. ನನ್ನನ್ನೇ ನೋಡಿದಳು. ನಾಯಿ ಕಚ್ಚಲು ಬಂದಾಗ ಗೋಡೆಗೆ ಒತ್ತಿಕೊಂಡವರು ನೋಡುತ್ತಾರಲ್ಲ, ಹಾಗೆ. ಮೂರನೇ ಸಲ ‘ಊರಮ್ಮನಾಣಿ ಅನ್ನು, ಹೆದ್ರಬ್ಯಾಡ’ ಎಂದೆ. ತುಟಿ ಕಚ್ಚಿ ತಲೆ ಅಲ್ಲಾಡಿಸಿಬಿಟ್ಟಳು.

ವೀರಣ್ಣನ ವಕೀಲರು ಎದ್ದರು. ಅವರ ಮುಖದಲ್ಲಿ ಹಬ್ಬ. ‘ಸಾಕ್ಷಿ ಪ್ರಮಾಣ ಮಾಡೋಕೇ ಒಪ್ಪಂಗಿಲ್ರಿ ಮೇಡಂ. ದೇವ್ರ ಆಣಿ ಹಾಕಾಕ ಹೆದ್ರ್ತಾಳ ಅಂದಮ್ಯಾಲ ನಿಜ ಏನಂತ ನಾವು ಬ್ಯಾರೆ ಹೇಳ್ಬೇಕಾ?’

ಜಡ್ಜ್ ಮೇಡಂ ಪೆನ್ನು ಕೆಳಗಿಟ್ಟರು. ಅವತ್ತು ಹೊರಗೆ ಒಂದೂ ಲಾರಿ ಹೋಗುತ್ತಿರಲಿಲ್ಲ, ನನ್ನ ಹಣೆಬರಹ.

‘ಹೊನ್ನೂರಮ್ಮ, ಏನು ಹೇಳಿಸ್ತಾ ಇದ್ದೀರಿ ಅವರಿಂದ?’

‘ಆಣಿ ಮೇಡಂ.’

‘ಯಾರ ಆಣೆ?’

‘ಊರಮ್ಮನದು.’

ಅವರು ಗಂಗವ್ವನ ಕಡೆ ತಿರುಗಿ, ‘ಯಾಕಮ್ಮ ಸುಮ್ಮನಾದ್ರಿ? ಯಾರಿಗೂ ಹೆದರಬೇಡಿ. ಹೇಳಿ’ ಎಂದರು.

ಗಂಗವ್ವ ನೆಲ ನೋಡುತ್ತ ಹೇಳಿದಳು. ‘ಆ ಅಮ್ಮನ ಮ್ಯಾಲ ಆಗ್ಲೇ ಒಂದು ಆಣಿ ಹಾಕೀನ್ರಿ. ಒಂದಾ ದೇವ್ರ ಮ್ಯಾಲ ಎರಡು ಆಣಿ ಹೆಂಗ ಹಾಕ್ಲಿ?’

‘ಮೊದಲನೇದು ಏನಂತ ಹಾಕಿದ್ರಿ?’

‘ಕೋರ್ಟಿನಾಗ ಬಾಯಿ ಬಿಡಂಗಿಲ್ಲ ಅಂತ.’

ಆಗ ಒಂದೊಂದಾಗಿ ಹೊರಗೆ ಬಂತು. ಸಮನ್ಸು ಮುಟ್ಟಿದ ವಾರವೇ ಊರಿನ ಹಿರಿಯರು ಗುಡಿಯಲ್ಲಿ ಸೇರಿದ್ದರು. ವೀರಣ್ಣ ಹೊತ್ತಿಸಿದ ಕರ್ಪೂರವನ್ನು ಅಂಗೈಯಿಂದ ಆರಿಸಿ ‘ನಾ ಹೊಡದಿಲ್ಲ’ ಎಂದಿದ್ದ. ಅಮ್ಮನ ಮುಂದೆ ತೀರ್ಮಾನ ಆಯಿತು, ಇನ್ನು ಕೋರ್ಟು ಯಾಕೆ ಎಂದು ಗಂಗವ್ವನ ಅಂಗೈಗೆ ಅಮ್ಮನ ಭಂಡಾರದ ಅರಿಸಿನ ಹಾಕಿ ಆಣೆ ಮಾಡಿಸಿದ್ದರು. ಆಣೆ ಹಾಕದಿದ್ದರೆ ಊರಲ್ಲಿ ಯಾರೂ ಕೂಲಿಗೆ ಕರೆಯುವುದಿಲ್ಲ, ಬೆಂಕಿ ನೀರು ಕೊಡುವುದಿಲ್ಲ ಎಂದಿದ್ದರು. ವಕೀಲರು ‘ಇದೆಲ್ಲ ಕೇಸಿಗೆ ಸಂಬಂಧ ಇಲ್ಲ’ ಎಂದು ಕೂಗಾಡಿದರು. ಮೇಡಂ ಗಡಿಯಾರ ನೋಡಿ, ‘ಊಟದ ನಂತರ ಇದೇ ಸಾಕ್ಷಿ. ಅಷ್ಟರೊಳಗೆ ಯಾರೂ ಇವರನ್ನ ಮಾತಾಡಿಸಕೂಡದು’ ಎಂದು ಎದ್ದರು. ಏಳುತ್ತ ನನ್ನನ್ನು ನೋಡಿದರು. ನಾನು ಹಿಂದೆ ಹೋದೆ.

ಕೆಲಸ ಹೋಯಿತೆಂದೇ ಅಂದುಕೊಂಡಿದ್ದೆ. ಅವರ ಕೋಣೆಯಲ್ಲಿ ಬಾಗಿಲು ಹಾಕಿ ನಿಂತೆ.

‘ಎಷ್ಟು ದಿನದಿಂದ ನಡೀತಿದೆ ಇದು?’

‘ಹರಪನಹಳ್ಳಿಯಿಂದ ಮೇಡಂ. ನಾಕು ವರ್ಷ ಆತು.’

‘ಅಯ್ಯೋ ದೇವರೇ’ ಎಂದು ತಲೆಗೆ ಕೈ ಹಚ್ಚಿದರು.

ನಾನು ಸುಮ್ಮನಿರುವ ಜಾತಿಯವಳಲ್ಲ. ‘ಮೇಡಂ, ನೀವೂ ದೇವ್ರನ್ನಾ ಕರದ್ರಿ’ ಎಂದುಬಿಟ್ಟೆ. ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ನಗು ತಡೆದರು ಅಂತ ನನ್ನ ಅಂದಾಜು. ಧೈರ್ಯ ಬಂತು. ಕುರಿ ವ್ಯಾಪಾರಿಯ ಕಥೆ ಹೇಳಿದೆ. ಬಾಗಳಿಯ ಮೋಟರಿನ ಕಥೆ ಹೇಳಿದೆ. ‘ಬರೇ ದೇವ್ರು ಅಂದ್ರ ಇವ್ರು ಹೆದ್ರಂಗಿಲ್ಲ ಮೇಡಂ. ಯಾವ ದೇವ್ರು ಅಂತ ಕೇಳ್ಬೇಕು’ ಎಂದೆ.

ಅವರು ಬುತ್ತಿ ಬಿಚ್ಚಲಿಲ್ಲ. ಕುರ್ಚಿಗೆ ಒರಗಿ ಹೇಳಿದರು.

‘ಹೊನ್ನೂರಮ್ಮ, ಈ ಪ್ರಶ್ನೆ ನಿಮಗಿಂತ ಮುಂಚೆ ದೇಶ ಕಟ್ಟಿದವರೇ ಕೇಳಿದ್ರು. ಸ್ವಾತಂತ್ರ್ಯ ಬಂದಮೇಲೆ ದಿಲ್ಲಿಯಲ್ಲಿ ದೊಡ್ಡ ಸಭೆ ಕೂತು ಸಂವಿಧಾನ ಬರೀತಾ ಇತ್ತು. ದೇವರ ಹೆಸರಿನಿಂದ ಅದನ್ನ ಶುರು ಮಾಡೋಣ ಅಂತ ಒಬ್ಬರು ಎದ್ದು ಕೇಳಿದ್ರು. ಹಾಗಾದರೆ ದೇವಿಯ ಹೆಸರೂ ಬೇಕು ಅಂತ ಇನ್ನೊಬ್ಬರು. ಬೇಡ, ನಂಬೋದು ಬಿಡೋದು ಅವರವರ ಇಷ್ಟ, ಎಲ್ಲರ ಮೇಲೆ ಹೇರಬಾರದು ಅಂತ ಮತ್ತೊಬ್ಬರು. ದೇವರನ್ನ ಓಟಿಗೆ ಹಾಕಬೇಡ್ರಪ್ಪಾ ಅಂತ ಬೇಡಿಕೊಂಡವರೂ ಇದ್ದರು.’

‘ಆಮ್ಯಾಲ?’ ನಾನು ಎಲ್ಲಿ ನಿಂತಿದ್ದೇನೆ ಎಂಬುದನ್ನೇ ಮರೆತಿದ್ದೆ.

‘ಓಟಿಗೇ ಬಂತು. ಬೇಡ ಅಂದವರು ಹೆಚ್ಚಾದ್ರು. “ನಾವು, ಭಾರತದ ಜನರು” ಅಂತ ಶುರುವಾಯ್ತು.’

ನನಗೆ ಮೈ ಜುಂ ಎಂದಿತು. ದೇವರನ್ನು ಓಟಿಗೆ ಹಾಕಿ, ದೇವರೇ ಸೋತು, ಆದರೂ ಯಾರ ಮನೆಯೂ ಸುಡದೆ, ಯಾರ ಕಣ್ಣೂ ಹೋಗದೆ, ದೇಶ ಎದ್ದು ನಿಂತಿತಲ್ಲ! ಅಷ್ಟು ದೊಡ್ಡ ಮನುಷ್ಯರು ಕೂತು ಯಾವ ದೇವರು, ಯಾರ ದೇವರು ಎಂದು ನನ್ನ ಹಾಗೇ ತಲೆ ಕೆಡಿಸಿಕೊಂಡಿದ್ದರಲ್ಲ!

‘ಹಂಗಾರ ದೇವ್ರನ್ನ ಹೊರಗ ಹಾಕಿದ್ರೇನು?’

‘ಹಾಕಲಿಲ್ಲ. ಪ್ರಮಾಣದಲ್ಲಿ ಎರಡು ಬಾಗಿಲು ಇಟ್ಟರು. ದೇವರನ್ನ ನೆನೆಸಿಕೊಂಡು ಬರೋನಿಗೆ ಒಂದು, ಹಾಗೇ ಬರೋನಿಗೆ ಒಂದು. ಮಂತ್ರಿಯಾಗಲಿ, ರಾಷ್ಟ್ರಪತಿಯಾಗಲಿ, ಇವೇ ಎರಡು. ನಮ್ಮ ಸಾಕ್ಷಿಗೂ ಅಷ್ಟೇ. ಯಾವುದರಿಂದ ಬರಬೇಕು ಅನ್ನೋದು ಬರೋನ ಇಷ್ಟ. ನೀವು ಮೂರನೇ ಬಾಗಿಲು ಕೊರೆದು, ಅದಕ್ಕೆ ಊರಮ್ಮನ್ನ ಕಾವಲು ಕೂರಿಸಿದಿರಿ. ಆದರೆ ಊರಮ್ಮನ ಗುಡಿ ಬೀಗ ಯಾರ ಸೊಂಟದಲ್ಲಿದೆ?’

ಆರೋಪಿಯ ಅಣ್ಣನ ಸೊಂಟದಲ್ಲಿ.

‘ಮತ್ತ ಕೆಳಗಿನ ಬಾಗಿಲಿನಿಂದ ಸುಳ್ಳರು ಬರ್ತಾರಲ್ಲ ಮೇಡಂ?’ ಎಂದು ಕೊನೆಗೆ ಒಂದು ಕೇಳಿದೆ.

‘ಎರಡರಿಂದಲೂ ಬರ್ತಾರೆ. ಎರಡಕ್ಕೂ ಒಂದೇ ಜೈಲು. ಸುಳ್ಳು ಹಿಡಿಯೋದು ನನ್ನ ಕೆಲಸ, ವಕೀಲರ ಕೆಲಸ. ಅದನ್ನ ದೇವರ ಮೇಲೆ ಹಾಕಿ ನಾವು ಕೈ ತೊಳ್ಕೊಳ್ಳೋದಲ್ಲ. ಇನ್ನೊಂದು ಸಲ ಹಲಗೆ ಮೇಲೆ ಇಲ್ಲದ ಮಾತು ಹೇಳಿಸಿದರೆ ಮೇಲಕ್ಕೆ ಬರೆದು ಮನೆಗೆ ಕಳಿಸ್ತೀನಿ ನಿಮ್ಮನ್ನ. ಹೋಗಿ ಊಟ ಮಾಡಿ.’

ನಾನು ಊಟ ಮಾಡಲಿಲ್ಲ. ಗಂಗವ್ವ ಬೇವಿನ ಮರದ ಬೇರಿನ ಮೇಲೆ ಕೂತಿದ್ದಳು. ಹತ್ತು ಮಾರು ದೂರದಲ್ಲಿ ಊರಿನ ಇಬ್ಬರು ಹಿರಿಯರು, ಬಿಳಿ ಪಂಚೆ, ಮಾತಿಲ್ಲ, ಬರೇ ನೋಟ. ನೀರಿನ ತಂಬಿಗೆ ತೆಗೆದುಕೊಂಡು ಹೋಗಿ ಅವಳ ಮುಂದೆ ಇಟ್ಟೆ.

‘ಏನು ಮಾಡ್ಲಿಬೇ?’ ಎಂದಳು.

‘ನಾ ಏನೂ ಹೇಳಂಗಿಲ್ಲ ತಂಗಿ. ನನ್ನ ಬಾಯಿಂದಾನ ಇಷ್ಟೆಲ್ಲ ಆಗೇತಿ. ನೀರು ಕುಡಿ’ ಎಂದು ಬಂದುಬಿಟ್ಟೆ. ಹದಿನೇಳು ವರ್ಷದ ನೌಕರಿಯಲ್ಲಿ ಬಾಯಿ ಮುಚ್ಚಿಕೊಂಡಿರುವುದು ಅಷ್ಟು ಕಷ್ಟವಾದದ್ದು ಅದೊಂದೇ ಸಲ.

ಊಟ ಮುಗಿದು ಕೋರ್ಟು ಕೂತಿತು. ಬಾಗಿಲಿಗೆ ಬಂದೆ. ಹಿರಿಯರು ಈಗ ಮರದ ಹತ್ತಿರವೇ ನಿಂತಿದ್ದರು, ಅವಳ ಎಡಕ್ಕೊಬ್ಬ, ಬಲಕ್ಕೊಬ್ಬ.

‘ಗಂಗವ್ವಾ! ಗಂಡ ಮಲ್ಲಪ್ಪಾ!’

ಏಳಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡಳು.

ಎರಡನೇ ಸಲ ಕೂಗಿದೆ. ಮೇಡಂ ಮಾತಾಡಿಸಬೇಡಿ ಅಂದಿದ್ದರೂ ಹಿರಿಯರಲ್ಲೊಬ್ಬ ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದ. ಅವಳು ತಂಬಿಗೆಯನ್ನೇ ನೋಡುತ್ತಿದ್ದಳು. ಒಳಗೆ ವೀರಣ್ಣನ ವಕೀಲರು ಆಗಲೇ ಕಾಗದ ಕಟ್ಟಿಡುತ್ತಿದ್ದರು. ಇನ್ನು ಒಂದು ಕೂಗು ಉಳಿದಿತ್ತು. ಏನು ಹೇಳಬೇಕು, ಏನು ಹೇಳಬಾರದು ಎಂಬುದಕ್ಕೆ ನನ್ನ ಕೈಕಾಲು ಕಟ್ಟಿತ್ತು. ಆದರೆ ಎಷ್ಟು ಗಟ್ಟಿ ಕೂಗಬೇಕು ಎಂಬುದಕ್ಕೆ ಯಾವ ಕಾನೂನೂ ಇಲ್ಲ! ಹೊಲದಲ್ಲಿ ಕಲಿತ ಗಂಟಲನ್ನು ಪೂರಾ ಬಿಟ್ಟೆ. ಎದುರಿನ ಟೀ ಅಂಗಡಿಯವನು ಲೋಟ ಹಿಡಿದು ಹೊರಗೆ ಬಂದ. ಮರದ ಮೇಲಿನ ಕಾಗೆಗಳು ಎದ್ದವು.

ಗಂಗವ್ವನೂ ಎದ್ದಳು. ಹಿರಿಯರ ನಡುವಿನಿಂದ ಬಂದಳು. ಸೆಟೆದುಹೋಗಿದ್ದ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಕಟಕಟೆ ಹತ್ತಿದಳು.

ಎರಡು ಪ್ರಮಾಣದಲ್ಲಿ ಯಾವುದು ಬೇಕೆಂದು ಮೇಡಂ ಕೇಳಿದರು, ಅವಳು ದೇವರಿಲ್ಲದ್ದು ಎಂದಳು. ‘ಹಾಗಾದರೆ ಕೆಳಗಿನ ಪ್ರಮಾಣ ಓದಿ ಹೇಳಿಸಿ’ ಎಂದರು ನನಗೆ.

ನನಗೆ ಅದು ಬಾಯಿಗೆ ಬರುತ್ತಿರಲಿಲ್ಲ. ಇಷ್ಟು ವರ್ಷ ಅದನ್ನು ಕಣ್ಣೆತ್ತಿ ನೋಡಿರಲಿಲ್ಲ. ಹಲಗೆಯ ಹತ್ತಿರ ಹೋಗಿ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದೆ. ‘ನಾನು... ಸತ್ಯ... ನಿಷ್ಠೆ... ಯಿಂದ...’ ಷ್ಠೆ ಅನ್ನುವಲ್ಲಿ ಸಿಕ್ಕಿಹಾಕಿಕೊಂಡೆ. ಎಳೆಯ ವಕೀಲರು ಒಬ್ಬಿಬ್ಬರು ಕಿಸಕ್ಕೆಂದರು. ಮೇಡಂ ನೋಡಿದ ಮೇಲೆ ನಿಂತಿತು. ಗಂಗವ್ವ ನಗಲಿಲ್ಲ. ನಾನು ಒಂದು ತುಂಡು ಓದಿದರೆ ಅವಳು ಒಂದು ತುಂಡು ಹೇಳಿದಳು. ಓದು ಬಾರದವಳು ಒಬ್ಬಳು, ಅರ್ಧ ಬಂದವಳು ಒಬ್ಬಳು, ಇಬ್ಬರೂ ಸೇರಿ ಆ ಎರಡು ಸಾಲನ್ನು ಬಂಡೆ ಸರಿಸಿದ ಹಾಗೆ ಕೊನೆಗೆ ಮುಟ್ಟಿಸಿದೆವು.

ಮುಗಿದ ಮೇಲೆ ಅವಳು ಜಡ್ಜ್ ಕಡೆ ನೋಡಿ ಕೇಳಿದಳು. ‘ಇದ್ರಾಗ ಊರಮ್ಮ ಇಲ್ಲಲ್ರಿ?’

‘ಇಲ್ಲಮ್ಮ. ನಿಮ್ಮ ದೇವರ ವಿಷಯ ಈ ಕೋರ್ಟು ಕೇಳೋದಿಲ್ಲ. ಕೈ ಹೇಗೆ ಮುರೀತು ಅಷ್ಟೇ ಕೇಳುತ್ತೆ.’

‘ವೀರಣ್ಣ ಹೊಡ್ದರಿ. ಬಾರಕೋಲಿಲೆ. ನಾ ಬದುವಿನ ಮ್ಯಾಲ ನಿಂತಿದ್ದೆ’ ಎಂದಳು. ಅಷ್ಟು ಹೇಳಿದ ಮೇಲೆ ಒಡ್ಡು ಒಡೆದ ಹಾಗೆ ಎಲ್ಲವೂ ಬಂತು. ಯಾವ ಎತ್ತು ಎಡಕ್ಕಿತ್ತು, ಯಾವುದು ಬಲಕ್ಕಿತ್ತು, ಕೂಲಿಯವರು ಎಲ್ಲಿ ಕೂತು ಬುತ್ತಿ ಬಿಚ್ಚಿದ್ದರು, ಎಲ್ಲ.

ವೀರಣ್ಣನ ವಕೀಲರು ಪಾಟಿಸವಾಲಿಗೆ ಎದ್ದು ಬದು, ಎತ್ತು, ಆಸ್ಪತ್ರೆ ಎಂದೆಲ್ಲ ತಿರುಗಿಸಿ ತಿರುಗಿಸಿ ಕೇಳಿದರು. ಅವಳು ಅಲ್ಲಾಡಲಿಲ್ಲ. ಕೊನೆಗೆ ಅವರಿಗೆ ಉಳಿದದ್ದು ಒಂದೇ ಅಸ್ತ್ರ.

‘ಊರಮ್ಮನ ಭಂಡಾರ ಮುಟ್ಟಿ ಕೊಟ್ಟ ಮಾತು ಮುರದೀಯಲ್ಲ, ನಿನ್ನ ಮಾತು ಯಾರು ನಂಬಬೇಕು?’

ಗಂಗವ್ವ ಎಡಗೈಯನ್ನು ಕಟಕಟೆಯ ಮೇಲೆ ಎತ್ತಿಟ್ಟಳು. ‘ಹೌದ್ರಿ, ಮುರದೀನಿ. ಅಮ್ಮಗ ನಾ ಉತ್ರ ಕೊಟ್ಕಂತೀನಿ. ನೀವು ಈ ಕೈಗೆ ಉತ್ರ ಕೊಡ್ರಿ.’

ವಕೀಲರು ಕೂತರು. ನಾನು ಅಟೆಂಡರ್ ಅಲ್ಲದಿದ್ದರೆ ಸಿಳ್ಳೆ ಹೊಡೆಯುತ್ತಿದ್ದೆ.

ವೀರಣ್ಣನಿಗೆ ಶಿಕ್ಷೆಯಾಯಿತು. ಅಪೀಲು ಹೋದ, ಅಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಗಂಗವ್ವನನ್ನು ಊರಲ್ಲಿ ಕೆಲವು ದಿನ ಯಾರೂ ಕೂಲಿಗೆ ಕರೆಯಲಿಲ್ಲ ಎಂದು ಕೇಳಿದೆ. ಆಮೇಲೆ ಶೇಂಗಾ ಕೀಳುವ ಕಾಲ ಬಂತು, ಆಳು ಸಿಗದೆ ಅವರೇ ಕರೆದರಂತೆ. ಕಥೆಯಲ್ಲಿ ಬರುವ ಹಾಗೆ ಊರು ಬದಲಾಗಲಿಲ್ಲ. ನಾನು ಮಾತ್ರ ಬದಲಾದೆ. ಆ ರಾತ್ರಿಯೇ ಕೆಳಗಿನ ಪ್ರಮಾಣವನ್ನು ಬಾಯಿಪಾಠ ಮಾಡಿದೆ. ಮರುದಿನದಿಂದ ಪ್ರತಿ ಸಾಕ್ಷಿಗೂ ‘ಎರಡು ಅದಾವ, ಯಾವುದು ಬೇಕು?’ ಎಂದು ಕೇಳಿ ಹಾಕಿಸಿದೆ. ಕುರಿ ವ್ಯಾಪಾರಿಯಂಥವರು ಆಮೇಲೂ ಬಂದರು. ಬರಲಿ. ಅಂಥವರು ಒಬ್ಬಿಬ್ಬರು ನುಸುಳುತ್ತಾರೆಂದು ಗಂಗವ್ವನ ದಾರಿ ಮುಚ್ಚಲು ಆಗುವುದಿಲ್ಲ. ನೀವೂ ಸಾಕ್ಷಿಯನ್ನು ಕೇಳಿಯೇ ಹಾಕಿಸಿ. ಹಲಗೆಯ ಮೇಲೆ ಇದ್ದಷ್ಟೇ ಹೇಳಿಸಿ. ನಿಮ್ಮ ಭಕ್ತಿ ನಿಮ್ಮ ಮನೆಯಲ್ಲಿ ಇರಲಿ.

ಅವತ್ತು ಸಂಜೆಯ ಒಂದು ಮಾತು ಉಳಿದಿದೆ. ಗಂಗವ್ವ ಬಸ್ಸಿಗೆ ಹೋಗುವ ಮೊದಲು ತಂಬಿಗೆ ವಾಪಸ್ಸು ಕೊಡಲು ಬಂದಳು.

‘ಅಕ್ಕಾ, ಬಾಯಿ ಬಿಟ್ಟುಬಿಟ್ನಲ್ಲ. ಅಮ್ಮ ಸಿಟ್ಟಾಗ್ತಾಳೇನು? ಒಳಗ ಇದ್ದು ಎಲ್ಲಾ ಕೇಳಿರ್ತಾಳೇನು?’

‘ಒಳಗ ಹೆಂಗ ಇರ್ತಾಳ? ಇಲ್ಲಿ ನಾ ಕೂಗದ ಯಾರೂ ಒಳಗ ಬರಂಗಿಲ್ಲ.’

‘ಮುಂಜಾನಿ ನೀನಾ ಕೂಗಿದಿಯಲ್ಲ ಅಕೀನ್ನ?’

‘ಹೂಂ, ಕೂಗಿದೆ. ಅದು ನನ್ನ ತಪ್ಪು’ ಎಂದೆ. ‘ಮೂರು ಸಲ ಕೂಗಿದೆ ತಂಗಿ, ಅಕಿ ಬರ್ಲಿಲ್ಲ. ಮಧ್ಯಾಹ್ನ ನಿನ್ನ ಕೂಗಿದೆ. ನೀ ಬಂದಿ.’